ಒಂದು ಮೀಟರ್ ಕಡಿಮೆ

ಕಾಂಕ್ರೀಟಿನ ಎರಡನೆಯ ಲಾರಿಯೂ ಖಾಲಿಯಾಯಿತು. ನೀರಿನ ತೊಟ್ಟಿಯ ನಾಲ್ಕನೆಯ ಗೋಡೆ ಇನ್ನೂ ಮೊಣಕಾಲೆತ್ತರ ಬಾಕಿಯಿತ್ತು. ಮತ್ತೊಂದು ಲಾರಿ ಬರಲು ನಾಲ್ಕು ಗಂಟೆ ಬೇಕು. ಅಷ್ಟರಲ್ಲಿ ಸುರಿದ ಕಾಂಕ್ರೀಟು ಬಿಗಿದುಕೊಳ್ಳುತ್ತದೆ. ಅದರ ಮೇಲೆ ಹೊಸದನ್ನು ಸುರಿದರೆ ನಡುವಿನ ಗೆರೆಯಲ್ಲಿ ನೀರು ಜಿನುಗುತ್ತದೆ. ಗೋಡೆ ಒಡೆಯಲೇಬೇಕು.

"ಎಣಿಸೋಕೆ ಬರಲ್ವೇನಯ್ಯಾ ನಿಂಗೆ?" ಮ್ಯಾನೇಜರು ಮೇಸ್ತ್ರಿಯನ್ನು ಕೇಳಿದರು.

ಮೇಸ್ತ್ರಿ ನನ್ನ ಸೋದರಮಾವ.

ಈ ಸೈಟಿನಲ್ಲಿ ಪೋಲು ತಗ್ಗಿಸುವುದು ನನ್ನ ಕೆಲಸ. ಯಾವ ಸಾಮಾನನ್ನೇ ಆಗಲಿ, ಬೇಕಾದಾಗ ಬೇಕಾದಷ್ಟೇ ತರಿಸಬೇಕು. ಮೇಸ್ತ್ರಿಗಳೆಲ್ಲ 'ಕೈಯಲ್ಲಿರಲಿ' ಎಂದು ಕಾಂಕ್ರೀಟನ್ನು ಒಂದು ಘನಮೀಟರ್ ಹೆಚ್ಚಿಗೆ ಹೇಳುತ್ತಾರೆ. ಮಿಕ್ಕಿದ್ದು ಬೇಲಿಯ ಪಕ್ಕ ಕಲ್ಲಾಗಿ ಬಿದ್ದಿರುತ್ತದೆ. ನಾನು ಯಾರಿಗೂ ಹೇಳದೆ ಪ್ರತಿ ಅಂಕಿಯಲ್ಲೂ ಒಂದು ಕಳೆದು ಆರ್ಡರ್ ಫಾರಮ್ಮಿಗೆ ಇಳಿಸುತ್ತಿದ್ದೆ. ಒಮ್ಮೆಯೂ ಕಡಿಮೆ ಬಿದ್ದಿರಲಿಲ್ಲ.

ಕಳೆದ ವಾರ ಮಾಮನ ಬಳಿ ಗೋಗರೆದಿದ್ದೆ. "ನೀನಾದ್ರೂ ಇದ್ದದ್ದು ಇದ್ದ ಹಾಗೆ ಹೇಳು."

"ಆಯ್ತು ಕಣೇ ಪಂಡಿತೆ. ಇನ್ಮೇಲೆ ಒಂದು ಬೊಗಸೇನೂ ಜಾಸ್ತಿ ಕೇಳಲ್ಲ," ಎಂದು ನಕ್ಕಿದ್ದ.

ನಿನ್ನೆ ಹನ್ನೆರಡು ಎಂದ. ನಾನು ನಂಬಲಿಲ್ಲ. ಹನ್ನೊಂದು ತರಿಸಿದೆ.

"ಒಡೆಯೋ ಕೆಲಸ ತಂದಿಟ್ಟ ಗ್ಯಾಂಗು ಗೇಟಿಂದಾಚೆ. ಮೊದಲೇ ಹೇಳಿದ್ನಲ್ಲ?" ಎಂದರು ಮ್ಯಾನೇಜರು.

"ಸರ್, ಮಾಮ ಹನ್ನೆರಡು ಅಂದಿದ್ದು. ಒಂದು ಕಳೆದಿದ್ದು ನಾನು."

ಅವರು ಫಾರಮ್ಮನ್ನು ನನ್ನ ಮುಖದೆದುರು ಹಿಡಿದರು. ಮೇಸ್ತ್ರಿ ಹೇಳಿದ ಪ್ರಮಾಣ: ಹನ್ನೊಂದು. ಕೆಳಗೆ ನನ್ನ ಸಹಿ.

"ಮಾಮನ್ನ ಉಳಿಸ್ಕೊಳ್ಳೋ ನಾಟಕ ಬೇಡಮ್ಮ. ಇವತ್ತು ಸುಳ್ಳು ಹೇಳ್ತಿದ್ದೀರೋ, ನಿನ್ನೆ ಸುಳ್ಳು ಬರೆದ್ರೋ? ನಿನ್ನೆದು ಸುಳ್ಳಾದ್ರೆ ಆರು ತಿಂಗಳ ಫಾರಮ್ಮೂ ಸುಳ್ಳೇ. ಅವನ್ನೆಲ್ಲ ಹೆಡ್ಡಾಫೀಸಿಗೆ ಕಳಿಸಿದ್ದು ನಾನು."

ಅಂದರೆ ಅವರಿಗೆ ಅರ್ಥವಾಗಿತ್ತು. ಅರ್ಥವಾಗಿದ್ದರಿಂದಲೇ ನಂಬಲು ಸಿದ್ಧರಿರಲಿಲ್ಲ.

ಮಾಮ ಕೈಗವಸು ಕಳಚುತ್ತ ನನ್ನನ್ನೇ ನೋಡುತ್ತಿದ್ದ.

"ಎಲ್ಲರದ್ದೂ ಕಳೀತಿದ್ಯಾ?"

"ಹೂಂ."

"ನಂದೂ?"

ತಲೆಯಾಡಿಸಿದೆ.

"ಭಲೇ. ನಾನು ಸುಳ್ಳು ಹೇಳ್ತಿದ್ದಾಗ ಎಲ್ಲ ಸರಿಯಾಗೇ ಇತ್ತು ಅನ್ನು," ಎಂದ. ಬೈದಿದ್ದರೆ ಚೆನ್ನಾಗಿತ್ತು. ಅವನು ತನ್ನವರ ಕಡೆ ತಿರುಗಿ, "ಸಾಮಾನು ತೊಳ್ಕೊಳ್ರಪ್ಪಾ," ಎಂದು ಕೂಗಿದ.

"ಗೇಟ್‌ಪಾಸ್ ಬರೀರಿ, ಹದಿನಾಲ್ಕು ಜನ," ಎಂದು ಮ್ಯಾನೇಜರು ನಡೆದರು. ಅದೂ ನನ್ನ ಕೆಲಸವೇ.

ಮಾಮ ಸೈಟ್ ಆಫೀಸಿನಲ್ಲಿ ನನ್ನ ಮೇಜಿನೆದುರು ಬಂದು ನಿಂತ, ಹೊರಗಿನವರು ನಿಲ್ಲುವ ಹಾಗೆ. ನಾನು ಅವನ ಹೆಸರನ್ನು ಬರೆದೆ.