ಖಾಲಿ ಇರಬೇಕಾದ ಗುಂಡಿ

ಬೆಳಿಗ್ಗೆ ಮಳೆ ನಿಂತಾಗ ಚಿಕ್ಕಮ್ಮನ ಹಾಸಿಗೆ ಅಂಗಡಿಯಲ್ಲಿ ಮೊಣಕಾಲುದ್ದ ಕೆಸರುನೀರು. ಹತ್ತಿಯ ಮೂಟೆಗಳೆಲ್ಲ ನೆಂದು ಮುದ್ದೆಯಾಗಿ, ಮೇಲಿನ ಹಲಗೆಯಲ್ಲಿದ್ದಷ್ಟೇ ಉಳಿದಿತ್ತು. ಅವಳೇ ಸಾಕಿ ಓದಿಸಿದ ಅಕ್ಕನ ಮಗಳು, ಈಗ ಇಂಜಿನಿಯರ್, ಓಡಿಬಂದು ಬಾಗಿಲಲ್ಲಿ ನಿಂತಳು. ಚಿಕ್ಕಮ್ಮ ತಲೆ ಎತ್ತಲಿಲ್ಲ.

"ನಿನ್ನ ಮಾತು ನಂಬಿ ಸುಮ್ನೆ ಕೂತ್ವಿ," ಎಂದಷ್ಟೇ ಹೇಳಿ ನೀರು ಬಳಿಯತೊಡಗಿದಳು.

ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ವಾಸಿಯಿತ್ತು. ದಿಬ್ಬದ ಮೇಲೆ ಅಪಾರ್ಟ್‌ಮೆಂಟುಗಳು ಏಳುವಾಗ, ಮಣ್ಣು ಕುಡಿಯುತ್ತಿದ್ದ ಮಳೆನೀರೆಲ್ಲ ಇನ್ನು ನಮ್ಮ ಮನೆಗೇ ನುಗ್ಗುತ್ತದೆಂದು ಕೆಳಗಿನ ಬೀದಿಯವರು ಗಲಾಟೆ ಎಬ್ಬಿಸಿದ್ದರು. ಅವರನ್ನು ಒಪ್ಪಿಸಿದವಳು ಇವಳೇ. ಮಳೆನೀರು ತಡೆಯಲೆಂದೇ ಮೇಲೊಂದು ದೊಡ್ಡ ಗುಂಡಿ ಕಟ್ಟಿಸಿದ್ದಳು. ಜೋರು ಮಳೆಯನ್ನು ಅದು ಹೊಟ್ಟೆಗೆ ಹಾಕಿಕೊಂಡು, ಆಮೇಲೆ ಚರಂಡಿ ತಾಳುವಷ್ಟೇ ನಿಧಾನವಾಗಿ ಬಿಡಬೇಕು. ಹಾಗಿದ್ದೂ ಹೀಗೇಕಾಯಿತು? ಆಗಲೇ ಮತ್ತೆ ಮೋಡ ಕಟ್ಟುತ್ತಿತ್ತು. ಸಂಜೆಗೆ ಇನ್ನೊಂದು ಮಳೆ ಹೀಗೇ ಹೊಡೆದರೆ ಅಂಗಡಿಗೆ ಬೀಗವೇ ಗತಿ. ಅವಳು ದಡದಡನೆ ದಿಬ್ಬ ಹತ್ತಿದಳು.

ಗುಂಡಿ ತುಂಬಿ ತುಳುಕುತ್ತಿತ್ತು. ನೀರಲ್ಲಿ ತಾವರೆ, ಬಣ್ಣದ ಮೀನು; ಸುತ್ತ ಕೂರಲು ಕಲ್ಲುಬೆಂಚು. ನಿವಾಸಿಗಳ ಸಂಘದ ಕಾರ್ಯದರ್ಶಿ ಕಾಫಿ ಲೋಟ ಹಿಡಿದೇ ಬಂದು, ಬೇಸಿಗೆಯಲ್ಲೇ ನೀರು ಹೊರಬಿಡುವ ಕವಾಟ ಮುಚ್ಚಿ, ಟ್ಯಾಂಕರ್ ನೀರು ತರಿಸಿ ತುಂಬಿಸಿದ್ದನ್ನು ಹೆಮ್ಮೆಯಿಂದ ವರ್ಣಿಸಿದ. ಒಂದು ಹನಿ ನೀರನ್ನೂ ಪೋಲು ಮಾಡದವರು ತಾವಂತೆ.

"ಖಾಲಿ ಇರೋದೇ ಅದರ ಕೆಲಸ ಅಂತ ಹೇಳಿದ್ನಲ್ಲ?"

"ನೆನಪಿದೆ ಮೇಡಂ. ಆದ್ರೆ ಖಾಲಿ ಗುಂಡಿ ನೋಡೋಕೆ ಚೆನ್ನಾಗಿರಲ್ಲ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ಇಂಥವರನ್ನು ನೋಡಿಯೇ. ಮರೆತವನನ್ನಾದರೂ ಕ್ಷಮಿಸಬಹುದು, ಈ ಮಹಾಶಯ ನೆನಪಿಟ್ಟುಕೊಂಡೇ ಮುಚ್ಚಿದ್ದ! ಕೂಡಲೇ ನೀರು ಬಿಡಿ ಎಂದರೆ ಭಾನುವಾರ ಸಭೆ ಕರೆಯೋಣ ಎಂದ. ಮೀನುಗಳ ಪ್ರಾಣದ ಪ್ರಶ್ನೆಯಂತೆ.

"ಮೀನು ಬೇಕಿದ್ರೆ ಬಕೆಟ್ ತನ್ನಿ," ಎಂದವಳೇ ಕವಾಟದ ಕಬ್ಬಿಣದ ಚಕ್ರಕ್ಕೆ ಕೈಹಾಕಿದಳು. ತುಕ್ಕು ಹಿಡಿದದ್ದು ಅಂಗೈ ಸುಲಿದು ತಿರುಗಿತು. ಕೊಳವೆಯಲ್ಲಿ ನೀರು ಇಳಿಯುವ ಸದ್ದು ಕೇಳಿತು. ಇವಳು ಬೆನ್ನು ಹಾಕಿದ ಗಳಿಗೆಯೇ ಇವರು ಮತ್ತೆ ಮುಚ್ಚುವುದು ಖಂಡಿತ. ಕಾವಲುಗಾರನಿಂದ ಸ್ಪ್ಯಾನರ್ ಇಸಿದುಕೊಂಡು ಚಕ್ರವನ್ನೇ ಬಿಚ್ಚಿದಳು. ಕಾರ್ಯದರ್ಶಿ ದೂರು ಕೊಡುತ್ತೇನೆಂದು ಕೂಗಾಡಿದ. ಕೆಲಸ ಹೋದರೆ ಹೋಗಲಿ ಎಂದುಕೊಂಡು ಅವಳು ಇಳಿದು ನಡೆದಳು.

ಚಕ್ರವನ್ನು ಚಿಕ್ಕಮ್ಮನ ಹೊಲಿಗೆ ಯಂತ್ರದ ಮೇಲೆ ಇಟ್ಟು, ಕಾರ್ಯದರ್ಶಿ ಆಡಿದ್ದನ್ನೆಲ್ಲ ಹೇಳಿ, ಅದಿಲ್ಲದೆ ಮೇಲಿನವರು ನೀರು ಕಟ್ಟಲಾರರು ಎಂದು ತಿಳಿಸಿದಳು. ಚಿಕ್ಕಮ್ಮ ಅದನ್ನು ಎತ್ತಿ ಭಾರ ನೋಡಿದಳು.

"ಇನ್ಮೇಲೆ ಇದು ಇಲ್ಲೇ ಇರತ್ತೆ," ಎಂದಳು.

ಮಧ್ಯಾಹ್ನ ಕಾರ್ಯದರ್ಶಿ ಬಂದ. ಬೂಟು ಕೈಯಲ್ಲಿ, ಪ್ಯಾಂಟು ಮೊಣಕಾಲಿಗೆ. ಅಪಾರ್ಟ್‌ಮೆಂಟು ಎದ್ದಂದಿನಿಂದ ಅವನು ಈ ಬೀದಿಗೆ ಇಳಿದದ್ದು ಅದೇ ಮೊದಲು. ಗೋಡೆಯ ಮೇಲಿನ ಕೆಸರಿನ ಗೆರೆಯನ್ನು ಬಗ್ಗಿ ನೋಡಿದ. ಆದರೂ ಚಕ್ರ ಸಂಘದ ಆಸ್ತಿ, ಕೊಟ್ಟುಬಿಡಿ ಎಂದ.

"ಚಕ್ರದ ಮಾತು ಆಮೇಲೆ," ಎಂದಳು ಚಿಕ್ಕಮ್ಮ. "ಒಳಗೆ ನಿಮ್ಮ ನೀರಿದೆ. ಒಂದು ಹನೀನೂ ಪೋಲು ಮಾಡಲ್ವಂತಲ್ಲ, ಮೊದಲು ಅದನ್ನ ಎತ್ಕೊಂಡು ಹೋಗಿ."

ಅವನು ಇಂಜಿನಿಯರ್ ಕಡೆ ನೋಡಿದ. ಅವಳು ಬಕೆಟ್ ಮುಂದೆ ಹಿಡಿದಳು.