ಇಸ್ತ್ರಿ ಕೈಗೆ ತಿಳಿಯದ ಬಿಸಿ

ರಜೆ ಹತ್ತಿರ ಬಂದರೆ ನಾಯಿ ಸಾಕಿದ ಮನೆಯಲ್ಲಿ ಒಂದೇ ಚಿಂತೆ: ಇದನ್ನು ಯಾರ ತಲೆಗೆ ಕಟ್ಟಿ ಹೋಗುವುದು?

ಹೊಲಿಗೆಯಕ್ಕನ ಮನೆಯಲ್ಲೂ ವರ್ಷ ವರ್ಷ ಇದೇ ಗೋಳು. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಎದುರಿಗೆ ಗಂಡನ ಇಸ್ತ್ರಿ ಮೇಜು, ಎರಡರ ನಡುವೆ ಬಟ್ಟೆ ಚೂರುಗಳ ಗುಡ್ಡೆ. ಆ ಗುಡ್ಡೆಯ ಮೇಲೆ ಗುಂಡಿ ಮಲಗಿರುತ್ತಿತ್ತು. ಗುಂಡಿ ಅವರ ನಾಯಿ. ಮರಿಯಾಗಿದ್ದಾಗ ಯಾರದೋ ಕೋಟಿನ ಗುಂಡಿ ನುಂಗಿ, ಎರಡು ದಿನ ಗಂಡ ಹೆಂಡತಿಯನ್ನು ತನ್ನ ಬಾಲದ ಹಿಂದೆಯೇ ತಿರುಗಾಡಿಸಿದ್ದರಿಂದ ಆ ಹೆಸರು ಬಂದಿತ್ತು.

ಹೋದ ವರ್ಷ ಅದನ್ನು ನಾದಿನಿಯ ಮನೆಯಲ್ಲಿ ಬಿಟ್ಟಿದ್ದರು. ಮೂರು ದಿನ ಅದು ಅನ್ನ ಮುಟ್ಟಲಿಲ್ಲ. ಸೋಫಾ ಮುಟ್ಟಿತು. ಒಳಗಿನ ಹತ್ತಿ ಪೂರ್ತಿ ಹೊರಗೆ ಬಂದಿತ್ತು. "ಇನ್ನೊಂದ್ ಸಲ ಇದನ್ನ ಕರ್ಕೊಂಡು ಬಂದ್ರೆ ನೀವೂ ಬರಬೇಡಿ" ಎಂದಿದ್ದಳು ನಾದಿನಿ.

"ಈ ಸಲ ಅದೂ ನಮ್ ಜೊತೆ ಬೆಟ್ಟ ಹತ್ತಲಿ ಬಿಡಿ," ಎಂದಳು ಹೊಲಿಗೆಯಕ್ಕ.

ಅವಳಿಗೆ ವರ್ಷಕ್ಕೆ ಸಿಗುವ ರಜೆ ಮೂರೇ ದಿನ. ಉಳಿದ ದಿನಗಳಲ್ಲಿ ಯಂತ್ರದ ಮುಂದೆ ಕೂತು ಅವಳು ಆಡುವ ಮಾತನ್ನು ಕಿವಿ ನಿಮಿರಿಸಿಕೊಂಡು ಕೊನೆಯ ತನಕ ಕೇಳುತ್ತಿದ್ದುದು ಗುಂಡಿ ಮಾತ್ರ. ಗಂಡ ಇಸ್ತ್ರಿಯಣ್ಣನೂ ಕೇಳುತ್ತಿದ್ದ. ಆದರೆ ಅವಳ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಅವನ ಉತ್ತರ ತಯಾರಾಗಿರುತ್ತಿತ್ತು.

ಹೊರಡುವ ಹಿಂದಿನ ಸಂಜೆ ಪಕ್ಕದ ಮನೆಯ ಇಂಜೆಕ್ಷನ್ನಮ್ಮ ಬಂದಳು. ಅವಳು ಪಶು ಆಸ್ಪತ್ರೆಯಲ್ಲಿ ಡಾಕ್ಟರಿಗೆ ಸಹಾಯಕಿ. ಅವಳ ಚಪ್ಪಲಿ ಸದ್ದು ಕೇಳಿದ್ದೇ ತಡ, ಗುಂಡಿ ಮೇಜಿನ ಕೆಳಗೆ ಸೇರಿಕೊಂಡಿತು.

"ಹುಚ್ಚುನಾಯಿ ರೋಗದ ಲಸಿಕೆ ಹಾಕ್ಸಿದೀರಲ್ವಾ ಅಕ್ಕ?"

"ನೀನೇ ಚುಚ್ಚಿದ್ಯಲ್ಲಮ್ಮ. ನೋಡು, ಅವನು ಮರೆತಿಲ್ಲ."

"ಕೊರಳಪಟ್ಟಿ ಮೇಲೆ ನಿಮ್ ಫೋನ್ ನಂಬರ್ ಹೊಲಿದುಬಿಡಿ. ಬೆಟ್ಟದಲ್ಲಿ ಹಗ್ಗ ಬಿಚ್ಚಬೇಡಿ. ಒಂದು ಮೊಲ ಕಂಡ್ರೆ ಸಾಕು, ಎಂಥ ಸಾಧು ನಾಯೀನೂ ಓಡಿಬಿಡತ್ತೆ. ಅದಕ್ಕೆ ಅಂತಲೇ ಎರಡು ಬಾಟ್ಲಿ ನೀರು, ಒಂದು ಬೋಗುಣಿ ಬೇರೆ ಇಟ್ಕೊಳ್ಳಿ. ಬೆಳಕು ಹರೀತಿದ್ದ ಹಾಗೆ ಹತ್ತಿ, ಬಿಸಿಲೇರೋ ಮೊದಲೇ ಇಳಿದುಬಿಡಿ."

ಇಸ್ತ್ರಿಯಣ್ಣ ನಕ್ಕ. "ಅಲ್ಲಮ್ಮ, ನಾಯಿಗೆ ನಡೆಯೋದು ಹೇಳ್ಕೊಡಬೇಕಾ? ನಮಗಿರೋದು ಎರಡು ಕಾಲು, ಅದಕ್ಕೆ ನಾಲ್ಕು. ಅದೇ ನಮ್ಮನ್ನ ಎಳ್ಕೊಂಡು ಹತ್ತಬೇಕು. ನೀರು ಯಾಕೆ ಹೊರಬೇಕು? ದಾರೀಲಿ ಹಳ್ಳ ಇದೆ."

"ಅಣ್ಣ, ನಿಮ್ ಎರಡು ಕಾಲಿಗೂ ಶೂ ಇದೆ. ಅದರ ನಾಲ್ಕಕ್ಕೂ ಇಲ್ಲ. ಸೆಕೆ ಆದ್ರೆ ನಿಮಗೆ ಮೈಯೆಲ್ಲ ಬೆವರತ್ತೆ. ಅದು ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡ್ಕೋಬೇಕು. ಬಂಡೆ ಬಂದಾಗ ಕೈ ಹಿಂಬದಿ ಇಟ್ಟು ಏಳರ ತನಕ ಎಣಿಸಿ. ನಿಮ್ ಕೈ ತಡೆಯದಿದ್ರೆ ಅದರ ಕಾಲೂ ತಡೆಯಲ್ಲ."

"ಬಿಸಿ ವಿಷಯ ನನಗೇ ಹೇಳ್ತೀಯಾ?" ಇಸ್ತ್ರಿಯಣ್ಣ ಎರಡೂ ಅಂಗೈ ಅಗಲಿಸಿ ತೋರಿಸಿದ. "ಮೂವತ್ತು ವರ್ಷದ ಸರ್ವಿಸ್ಸು ಇವಕ್ಕೆ!"

ಬೆಳಿಗ್ಗೆ ಐದಕ್ಕೆಲ್ಲ ಹೊಲಿಗೆಯಕ್ಕ ತಯಾರಾಗಿ ಬಾಗಿಲಲ್ಲಿ ನಿಂತಿದ್ದಳು. ಇಸ್ತ್ರಿಯಣ್ಣ ಅವಳನ್ನು ಮೇಲಿಂದ ಕೆಳಗೆ ನೋಡಿ ಮುಖ ಕಿವಿಚಿದ.

"ಈ ಮುದುರಿದ ಬಟ್ಟೇಲಿ ಬೆಟ್ಟ ಹತ್ತಿದ್ರೆ ನೋಡಿದವರು ಏನಂತಾರೆ? ಇಸ್ತ್ರಿಯವನ ಸಂಸಾರ ನೋಡ್ರಪ್ಪ ಅಂತಾರೆ. ಬಿಚ್ಚು, ಐದು ನಿಮಿಷ."

ಅವಳ ಕುರ್ತಾ ಆಯಿತು. ಅವನ ಬಿಳಿ ಅಂಗಿಗೆ ಗಂಜಿ ಹಾಕಿ, ಚಾಕುವಿನಂಥ ಮಡಿಕೆ ತೆಗೆದದ್ದಾಯಿತು. ತಲೆಗೆ ಕಟ್ಟುವ ಟವೆಲ್ಲು, ಕಿಸೆಯ ಕರವಸ್ತ್ರ ಆದವು. ಕೊನೆಗೆ ಗುಂಡಿಯ ಬಟ್ಟೆಯ ಹಗ್ಗವೂ ಇಸ್ತ್ರಿಯಾಯಿತು. ಈ ಗಡಿಬಿಡಿಯಲ್ಲಿ ಎರಡು ಬಾಟಲಿಗಳಲ್ಲಿ ಒಂದು ಮೇಜಿನ ಮೇಲೆಯೇ ಉಳಿಯಿತು. ಅವರು ಬೆಟ್ಟದ ಬುಡ ಮುಟ್ಟಿದಾಗ ಗಂಟೆ ಹತ್ತು.

ಅರ್ಧ ದಾರಿ ಮರಗಳ ನೆರಳಿತ್ತು. ಗುಂಡಿ ಕಂಡ ಕಂಡ ಗಿಡಕ್ಕೆಲ್ಲ ನಮಸ್ಕಾರ ಹೇಳುತ್ತ ನಡೆಯಿತು. ಹಳ್ಳವೂ ಸಿಕ್ಕಿತು, ಅದರಲ್ಲಿ ನೀರು ಮಾತ್ರ ಇರಲಿಲ್ಲ. ಅಲ್ಲಿಂದ ಮುಂದೆ ಬೋಳು ಬಂಡೆ.

ಬಂಡೆಯ ಮೇಲೆ ಹತ್ತು ಹೆಜ್ಜೆ ಇಟ್ಟಿತೋ ಇಲ್ಲವೋ, ಗುಂಡಿ ಒಂದೊಂದೇ ಕಾಲು ಎತ್ತಿ ಎತ್ತಿ ಇಡತೊಡಗಿತು.

"ನೋಡೇ, ಎಷ್ಟು ಖುಷಿಯಾಗಿ ಕುಣೀತಿದಾನೆ!" ಇಸ್ತ್ರಿಯಣ್ಣ ಫೋನು ತೆಗೆದು ವಿಡಿಯೋ ಮಾಡಿದ.

"ರೀ, ಅದು ಕುಣಿತ ಅಲ್ಲ. ಬಂಡೆ ಸುಡ್ತಿರಬೇಕು."

ಇಸ್ತ್ರಿಯಣ್ಣ ಬಗ್ಗಿ ಬಂಡೆಯ ಮೇಲೆ ಅಂಗೈ ಊರಿದ. ಏಳಕ್ಕೆ ನಿಲ್ಲಿಸದೆ ಇಪ್ಪತ್ತರವರೆಗೆ ಜೋರಾಗಿ ಎಣಿಸಿದ. "ಉಗುರುಬೆಚ್ಚಗಿದೆ ಅಷ್ಟೇ. ತುದಿ ಇನ್ನು ನೂರು ಹೆಜ್ಜೆ. ನಡಿ, ನಡಿ."

ಹೊಲಿಗೆಯಕ್ಕ ಆ ಕೈಯನ್ನೇ ನೋಡಿದಳು. ಮನೆಯಲ್ಲಿ ಬಿಸಿಯ ಲೆಕ್ಕವೆಲ್ಲ ಆ ಕೈಯದೇ. ಸ್ನಾನದ ನೀರು ಹದವಾಗಿದೆ ಎಂದು ಅದು ಹೇಳಿದರೆ ಮೈ ಬೆಂದುಹೋಗುತ್ತಿತ್ತು. ಮಗಳು ಚಿಕ್ಕವಳಿದ್ದಾಗ ಹಣೆ ಮುಟ್ಟಿ ಜ್ವರವಿಲ್ಲ ಎಂದಿತ್ತು, ಮಗುವಿನ ಮೈ ಕೆಂಡವಾಗಿತ್ತು. ಅವಳು ಒಮ್ಮೆಯೂ ವಾದಿಸಿರಲಿಲ್ಲ. ಅವನ ಬೆನ್ನ ಹಿಂದೆ ಒಂದು ಚೊಂಬು ತಣ್ಣೀರು ಬೆರೆಸಿ ಸುಮ್ಮನಾಗುತ್ತಿದ್ದಳು. ಜಗಳಕ್ಕಿಂತ ಅದು ಸಲೀಸು. ಆದರೆ ಇಷ್ಟು ದೊಡ್ಡ ಬಂಡೆಗೆ ಗುಟ್ಟಾಗಿ ಸುರಿಯುವುದಕ್ಕೆ ತಣ್ಣೀರು ಎಲ್ಲಿಂದ ತರುವುದು?

ಅವಳು ಕೂತು ತನ್ನ ಕೈ ಹಿಂಬದಿಯನ್ನು ಬಂಡೆಗೆ ತಾಗಿಸಿದಳು. ಒಂದು, ಎರಡು, ಮೂರು. ಮೂರಕ್ಕೆ ಕೈ ತಾನಾಗಿ ಎದ್ದು ಬಂತು.

"ಇಳಿಯೋಣ," ಎಂದಳು.

"ಮುಟ್ಟಿ ನೋಡಿದೆನಲ್ಲೇ!"

"ನಿಮ್ ಕೈ ಇಸ್ತ್ರಿಪೆಟ್ಟಿಗೇನೇ ಹೆದರಲ್ಲ. ಅದರ ಮಾತು ನಾನು ಕೇಳಲ್ಲ. ಶೂ ಬಿಚ್ಚಿ."

"ಏನು?"

"ಶೂ ಬಿಚ್ಚಿ, ಕಾಲುಚೀಲ ತೆಗೀರಿ, ನಿಂತ್ಕೊಳ್ಳಿ. ಉಗುರುಬೆಚ್ಚಗಿದೆ ಅಂದ್ರಲ್ಲ?"

ಹೆಂಡತಿಯ ದನಿ ಎಂದೂ ಹೀಗಿರಲಿಲ್ಲ. ಇಸ್ತ್ರಿಯಣ್ಣ ಗತ್ತಿನಿಂದಲೇ ಶೂ ಬಿಚ್ಚಿ ಬರಿಗಾಲಲ್ಲಿ ನಿಂತ. "ಒಂದು" ಎಂದ. ಎರಡು ಎನ್ನುವ ಬದಲು "ಅಯ್ಯಯ್ಯಪ್ಪಾ!" ಎಂದು ಹಾರಿದ. ಬಲಗಾಲು ಎತ್ತಿದ, ಎಡಗಾಲು ಸುಟ್ಟಿತು. ಎಡಗಾಲು ಎತ್ತಿದ, ಬಲಗಾಲು ಸುಟ್ಟಿತು.

"ಎಷ್ಟು ಖುಷಿಯಾಗಿ ಕುಣೀತಿದೀರಿ!" ಎಂದಳು ಹೊಲಿಗೆಯಕ್ಕ.

ನಗುವುದಕ್ಕೆ ಹೊತ್ತಿರಲಿಲ್ಲ. ಗುಂಡಿ ಧೊಪ್ಪನೆ ಕುಸಿದಿತ್ತು. ನಾಲಿಗೆ ಕಡುಕೆಂಪು, ಬಾಯಿಂದ ಅಂಟು ಜೊಲ್ಲು. ಹೆಸರು ಹಿಡಿದು ಕರೆದರೆ ಬಾಲದ ತುದಿ ಮಾತ್ರ ಅಲುಗಿತು. ಇಸ್ತ್ರಿಯಣ್ಣ ಹೇಗೋ ಶೂ ತೂರಿಸಿಕೊಂಡು ನಾಯಿಯನ್ನು ಎತ್ತಿ ಮರದ ಕೆಳಗೆ ಓಡಿದ. ಅವಳು ಇಂಜೆಕ್ಷನ್ನಮ್ಮನಿಗೆ ಫೋನು ಹಚ್ಚಿದಳು.

"ಅಕ್ಕ, ಗಾಬರಿ ಆಗಬೇಡಿ. ನೀರೆಷ್ಟಿದೆ?"

"ಒಂದೇ ಬಾಟ್ಲಿ. ಅದ್ರಲ್ಲೂ ಇವರು ಎರಡು ಗುಟುಕು ಕುಡಿದಿದಾರೆ."

"ಹೊಟ್ಟೆ, ತೊಡೆ ಸಂದು, ಪಾದಕ್ಕೆ ನೀರು ಸುರೀರಿ. ಬಾಯಿಗೆ ಬಲವಂತವಾಗಿ ಹಾಕಬೇಡಿ, ತಾನಾಗಿ ನೆಕ್ಕಿದ್ರೆ ಸ್ವಲ್ಪ ಸ್ವಲ್ಪ ಕೊಡಿ. ಒದ್ದೆ ಬಟ್ಟೆ ಮೇಲೆ ಹೊದಿಸಿ ಬಿಡಬೇಡಿ, ಬಿಸಿ ಒಳಗೇ ಉಳಿಯತ್ತೆ. ಜೋರಾಗಿ ಗಾಳಿ ಹಾಕಿ. ಸುಧಾರಿಸ್ಕೊಂಡ ಹಾಗೆ ಕಂಡ್ರೂ ನೇರ ಆಸ್ಪತ್ರೆಗೆ ಬನ್ನಿ."

ಇಸ್ತ್ರಿಯಣ್ಣ ಅಂಗಿ ಬಿಚ್ಚಿದ. ಗಂಜಿ ಹಾಕಿದ ಆ ಅಂಗಿ ಬೀಸಣಿಗೆಯಂತೆ ಸೆಟೆದು ನಿಂತಿತ್ತು. ಹೊಲಿಗೆಯಕ್ಕ ನೀರು ಸುರಿದಳು, ಅವನು ಬೀಸಿದ. ಸ್ವಲ್ಪ ಹೊತ್ತಿಗೆ ಗುಂಡಿ ತಲೆಯೆತ್ತಿ ಅವಳ ಕೈ ನೆಕ್ಕಿತು. ಆಮೇಲೆ ಬನಿಯನ್ನಿನಲ್ಲೇ ನಾಯಿಯನ್ನು ಹೆಗಲ ಮೇಲೆ ಹೊತ್ತು ಇಸ್ತ್ರಿಯಣ್ಣ ಇಡೀ ಬೆಟ್ಟ ಇಳಿದ. ಎದುರಿಗೆ ಬಂದವರೆಲ್ಲ ನಿಂತು ನೋಡಿದರು. ಅವನಿಗೆ ಯಾರ ಪರಿವೆಯೂ ಇರಲಿಲ್ಲ.

"ಇನ್ನರ್ಧ ಗಂಟೆ ಬಿಸಿಲಲ್ಲಿ ಇಟ್ಟಿದ್ರೆ ನನ್ನ ಕೈಲೂ ಏನೂ ಆಗ್ತಿರಲಿಲ್ಲ," ಎಂದರು ಡಾಕ್ಟರು. ಎರಡು ಪಾದಗಳಲ್ಲಿ ಬೊಬ್ಬೆ ಎದ್ದಿದ್ದವು. ಹದಿನೈದು ದಿನ ಮುಲಾಮು ಹಚ್ಚಿದವನು ಇಸ್ತ್ರಿಯಣ್ಣ. ಯಾರೂ ಹೇಳಿರಲಿಲ್ಲ.

ಚಳಿಗಾಲದಲ್ಲಿ, ಉಳಿದಿದ್ದ ಒಂದು ದಿನದ ರಜೆಗೆ, ಅವರು ಮತ್ತೆ ಅದೇ ಬೆಟ್ಟಕ್ಕೆ ಹೊರಟರು. ಇಸ್ತ್ರಿಪೆಟ್ಟಿಗೆ ತಣ್ಣಗೆ ಕೂತಿತ್ತು. ಚೀಲದಲ್ಲಿ ಮೂರು ಬಾಟಲಿ ನೀರಿತ್ತು. ಬಂಡೆಯ ಅಂಚಿಗೆ ಬಂದಾಗ ಇಸ್ತ್ರಿಯಣ್ಣ ಹಗ್ಗ ಬಿಗಿ ಹಿಡಿದು ನಿಂತ.

"ನೀನು ಮುಟ್ಟಿ ಹೇಳು. ನನ್ನ ಕೈ ರಿಟೈರ್ ಆಗಿದೆ."

ಹೊಲಿಗೆಯಕ್ಕ ಬಗ್ಗಿ ಕೈ ಇಟ್ಟಳು. ಇಬ್ಬನಿಗೆ ಒದ್ದೆಯಾದ ಬಂಡೆ ತಣ್ಣಗಿತ್ತು, ಮುಟ್ಟಿದ ಕೂಡಲೇ ಗೊತ್ತಾಗಿತ್ತು. ಆದರೂ ಅವಳು ಏಳರ ತನಕ ನಿಧಾನವಾಗಿ ಎಣಿಸಿದಳು. ಅಷ್ಟೂ ಹೊತ್ತು ಅವನು ಬಾಯಿ ಬಿಡದೆ ಕಾದ.

ಅಕ್ಕಂದಿರೇ, ಅಣ್ಣಂದಿರೇ, ಈ ರಜೆಗೆ ನೀವೂ ನಿಮ್ಮ ನಾಯಿಯೊಡನೆ ಬೆಟ್ಟಕ್ಕೆ ಹೊರಟಿದ್ದರೆ ಖಂಡಿತ ಹೋಗಿ. ಲಸಿಕೆ ಹಾಕಿಸಿ, ಹಗ್ಗ ಹಿಡಿದು, ಅದರ ಪಾಲಿನ ನೀರು ಹೊತ್ತು, ಬೆಳಕು ಹರಿಯುವಾಗಲೇ ಹೊರಡಿ. ಮನೆಗೆ ಬಂದ ಮೇಲೆ ಕಿವಿಯ ಹಿಂದೆ, ಬೆರಳ ಸಂದುಗಳಲ್ಲಿ ರಕ್ತ ಹೀರುವ ಉಣ್ಣಿ ಹತ್ತಿದೆಯೇ ನೋಡಿ ತೆಗೆಯಿರಿ. ದಾರಿಯಲ್ಲಿ ಅದು ಕಾಲೆಳೆದರೆ, ನೆರಳು ಕಂಡಲ್ಲೆಲ್ಲ ಕೂತರೆ, ಸೋಮಾರಿ ಎಂದು ಗದರಬೇಡಿ. ಅದು ನಿಮ್ಮ ಹಿಂದೆ ಬರುವುದು ಬೆಟ್ಟದ ತುದಿ ನೋಡುವ ಆಸೆಗಲ್ಲ, ನೀವು ಹೋಗುತ್ತಿದ್ದೀರಿ ಎಂಬ ಒಂದೇ ಕಾರಣಕ್ಕೆ. ನೀವು ಹಿಂದಕ್ಕೆ ತಿರುಗಿದರೆ ಅದೂ ಸಂತೋಷದಿಂದ ತಿರುಗುತ್ತದೆ. ಹಾಗಾಗಿ, ದಯವಿಟ್ಟು, ಹೊತ್ತು ಮೀರುವ ಮುಂಚೆಯೇ ತಿರುಗಿ.