ಹಿಂತಿರುಗಿ ನೋಡಬಾರದ ಕುದುರೆ

ಬಂಗಾಳದ ಜಯಪುರದ ಕಾಡು ದಾಟುವಷ್ಟರಲ್ಲಿ ಕಾಜೋರಿಗೆ ಹೇಸಿಗೆ ಹತ್ತಿಬಿಟ್ಟಿತ್ತು. ಮರಗಳ ಬುಡದಲ್ಲೆಲ್ಲ ಪಿಕ್ನಿಕ್ ಮಂದಿಯ ಎಂಜಲು ತಟ್ಟೆ, ಕೋಳಿ ಪುಕ್ಕ, ಒಡೆದ ಬಾಟಲಿ. ಲಾರಿಗೆ ಆಳೆತ್ತರದ ಸ್ಪೀಕರು ಕಟ್ಟಿಕೊಂಡು ಕುಣಿಯುತ್ತಿದ್ದ ಗಂಡಸರು, ಒಂಟಿ ಹೆಂಗಸು ಬುಲೆಟ್ ಓಡಿಸುವುದನ್ನು ಕಂಡು ಸಿಳ್ಳೆ ಹೊಡೆದಿದ್ದರು. ಚುಂಚುಡಾದ ಲ್ಯಾಬಿನಲ್ಲಿ ದಿನವಿಡೀ ಊರವರ ಕಫ, ಮೂತ್ರ ನೋಡಿಯೂ ಮಧ್ಯಾಹ್ನ ಮೀನು ಸಾರನ್ನು ಚಪ್ಪರಿಸಿಕೊಂಡು ಉಣ್ಣುವವಳು ಅವಳು. ಅಂಥವಳಿಗೇ ಅಸಹ್ಯವಾಯಿತೆಂದರೆ ನೀವೇ ಲೆಕ್ಕ ಹಾಕಿಕೊಳ್ಳಿ.

ಹಿಂದಿನ ಸೀಟಿನಲ್ಲಿ ತಾಯಿಯ ಹಳೆಯ ಸೀರೆ ಸುತ್ತಿಕೊಂಡು ಮೊಣಕಾಲೆತ್ತರದ ಮಣ್ಣಿನ ಕುದುರೆ ಕೂತಿತ್ತು. ತಾಯಿ ಬೀಣಾಪಾಣಿಗೆ ಸೋಮವಾರ ಹೃದಯದ ಆಪರೇಷನ್. ಆದರೆ ವಿಷ್ಣುಪುರದ ಆಚೆಗಿನ ತವರೂರು ಕುಸುಮಡಾಂಗಾದ ಗ್ರಾಮದೇವರು ಧರ್ಮಠಾಕುರನಿಗೆ ಹರಕೆಯ ಕುದುರೆ ಮುಟ್ಟುವ ತನಕ ಮುದುಕಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಡಾಕ್ಟರು ಬೈದರೂ ಇಲ್ಲ, ಮಗಳು ಅತ್ತರೂ ಇಲ್ಲ.

"ಬಸ್ಸಲ್ಲಿ ಬೇಡ, ಯಾರದ್ದಾದ್ರೂ ಕಾಲು ತಗಲತ್ತೆ," ಎಂದಿದ್ದಳು. "ಒಬ್ಬಳೇ ಹೋಗು. ಚೂರು ಮುಕ್ಕಾಗಿದ್ರೂ ಠಾಕುರ ಒಲ್ಲೆ ಅಂತಾನೆ. ಇಟ್ಟು ಕೈ ಮುಗಿದು ಬಂದ್ಬಿಡು. ಹಿಂತಿರುಗಿ ನೋಡಿದ್ಯೋ, ಹರಕೆ ನೀರು ಪಾಲು."

"ಡಾಕ್ಟರಿಗೂ ಹೀಗೇ ಕಟ್ಟಳೆ ಹಾಕಿದ್ದೀಯೇನಮ್ಮಾ?"

"ಅವರು ನಿನ್ನ ಹಾಗೆ ಎದುರು ಮಾತಾಡಲ್ಲ ಕಣೇ."

ಅರಳಿಮರದ ಕೆಳಗೆ ಠಾಕುರನ ಕಟ್ಟೆ. ಸುತ್ತ ಹರಕೆಯ ಕುದುರೆಗಳ ರಾಶಿ. ಒಂದಕ್ಕೆ ಕಾಲಿಲ್ಲ, ಇನ್ನೊಂದಕ್ಕೆ ಕತ್ತಿಲ್ಲ. ಪೂಜಾರಿ ಗೋಷ್ಠೊ ಬಿಸಿಲಿಗೆ ಬೆನ್ನು ಕೊಟ್ಟು ಮಂಡಕ್ಕಿ ಮುಕ್ಕುತ್ತಿದ್ದ. ಕುದುರೆಗಳು ಮಳೆಗೋ ಬಿಸಿಲಿಗೋ ಒಡೆದಿರಬೇಕೆಂದುಕೊಂಡ ಕಾಜೋರಿ ಹೆಲ್ಮೆಟ್ ಕಳಚಿ ಕಟ್ಟೆಯ ಮೇಲಿಟ್ಟಳು. ಕುದುರೆಯನ್ನು ನಿಲ್ಲಿಸಿ, ಬೇರೆಯಾಗಿ ಹತ್ತಿಯಲ್ಲಿ ಸುತ್ತಿ ತಂದಿದ್ದ ಅದರ ಎರಡು ಬಿಡಿ ಕಿವಿಗಳನ್ನು ತಲೆಯ ತೂತುಗಳಿಗೆ ಸಿಕ್ಕಿಸಿ, ಕೈ ಮುಗಿದು ನಡೆದಳು. ನಾಲ್ಕು ಹೆಜ್ಜೆಯಾದ ಮೇಲೆ ಕಿವಿಗಳು ಎಡಬಲ ಅದಲುಬದಲಾದವೆಂದು ಹೊಳೆಯಿತು. ಒಂದು ಕಿವಿ ಜೋತುಬಿದ್ದಿರುತ್ತದೆ. ಸರಿಪಡಿಸಬೇಕೆಂದರೆ ಹಿಂತಿರುಗಬೇಕು. ದೇವರನ್ನು ಅಷ್ಟಾಗಿ ನಂಬದವಳಿಗೂ ಕತ್ತು ತಿರುಗಲಿಲ್ಲ.

ದೊಡ್ಡ ರಸ್ತೆಯ ಚಹಾ ಅಂಗಡಿಯ ಹತ್ತಿರ ಬಂದಾಗಲೇ ಗೊತ್ತಾದದ್ದು, ಹೆಲ್ಮೆಟ್ ಕಟ್ಟೆಯ ಮೇಲೆಯೇ ಉಳಿದಿದೆ. ಹೆಲ್ಮೆಟ್ಟಿಗೆ ಹೋದರೆ ಹಿಂತಿರುಗಿ ನೋಡಿದಂತಲ್ಲವೆಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಬೈಕು ತಿರುಗಿಸಿದಳು. ದಾರಿಯಲ್ಲಿ ಹುಲ್ಲು ತುಂಬಿದ ಬ್ಯಾಟರಿ ರಿಕ್ಷಾ ಎದುರಾಯಿತು. ಕಟ್ಟೆಯ ಮೇಲೆ ಹೆಲ್ಮೆಟ್ ಇತ್ತು, ಕುದುರೆ ಇರಲಿಲ್ಲ.

"ಎಲ್ಲಿ ಹೋಯ್ತು?" ಎಂದು ಕೇಳಿದಳು.

ಗೋಷ್ಠೊ ಬಾಯೊಳಗಿನ ಮಂಡಕ್ಕಿ ನುಂಗಿದ. "ಠಾಕುರ ತಗೊಂಡ, ದೀದಿ."

"ಇಷ್ಟು ಬೇಗನಾ?"

"ಭಕ್ತಿ ಜಾಸ್ತಿ ಇತ್ತೇನೋ."

ದಾರಿಯಲ್ಲಿ ಎದುರಾಗಿದ್ದ ಹುಲ್ಲಿನ ರಿಕ್ಷಾ ನೆನಪಾಗಿ ಅವಳು ಅದರ ಬೆನ್ನು ಹತ್ತಿದಳು. ಅದು ವಿಷ್ಣುಪುರದ ಹೊರವಲಯದ ಸಂತೆಗೆ ಹೋಗಿ ನಿಂತಿತು. ಕೋಲ್ಕತಾದ ಬಾಬುಗಳು, ಅವರ ಹೆಂಡಿರು, ಹೆಂಡಿರಷ್ಟೇ ಸಿಂಗರಿಸಿಕೊಂಡ ಅವರ ನಾಯಿಗಳು. ಏಕತಾರಿ ಹಿಡಿದ ಮುದುಕನೊಬ್ಬ ಹಾಡುತ್ತಿದ್ದರೆ ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ಅವನ ಪಕ್ಕ ನಿಂತು ತಮ್ಮ ಹಲ್ಲನ್ನೇ ಫೋಟೊ ತೆಗೆದುಕೊಳ್ಳುತ್ತಿದ್ದರು. ಸಂಸ್ಕೃತಿ ಎಂದರೆ ಇದೇ ಆಗಿದ್ದರೆ ಅದನ್ನು ಫಿನಾಯಿಲ್ ಹಾಕಿ ತೊಳೆಯಬೇಕು ಅನ್ನಿಸಿತು ಅವಳಿಗೆ.

ರಿಕ್ಷಾದ ಹುಲ್ಲಿನೊಳಗಿಂದ ಇಳಿದ ಸರಕು ಒಂದು ಅಂಗಡಿಯ ಹಿಂಬದಿಗೆ ಹೋಯಿತು. ಅಂಗಡಿಯ ಯಜಮಾನ ಶುಭ್ರಾಂಶು ಬಾಬುವಿನದು ಖಾದಿ ಜುಬ್ಬ, ಜುಟ್ಟು ಕಟ್ಟಿದ ಬಿಳಿಗೂದಲು, ಜೇನು ಸುರಿಯುವ ಬಾಯಿ. ಹಿಂಬದಿಯ ಮರೆಯಲ್ಲಿ ಅವನ ಆಳು ಕೆರೆಯ ಕೆಸರು, ಚಹಾದ ಚರಟ ಕಲಸಿ ಕುದುರೆಯೊಂದರ ಮೈಗೆ ಬಳಿಯುತ್ತಿದ್ದ. ಅದರ ಒಂದು ಕಿವಿ ಜೋತುಬಿದ್ದಿತ್ತು.

"ಇನ್ನೂರು ವರ್ಷದ್ದು," ಎಂದು ಬಾಬು ಮುಂಬದಿಯಲ್ಲಿ ಸಾಲಾಗಿಟ್ಟ ಕುದುರೆಗಳನ್ನು ತೋರಿಸುತ್ತ ಗಿರಾಕಿಗಳಿಗೆ ಮೆಲುದನಿಯಲ್ಲಿ ಹೇಳುತ್ತಿದ್ದ. "ನಮ್ಮ ಬಡ ಹಳ್ಳಿಗರ ಭಕ್ತಿ ನೋಡಿ, ಕಣ್ಣಲ್ಲಿ ನೀರು ಬರುತ್ತೆ."

ಕಾಜೋರಿಗೆ ಕೆಸರು ಬಳಿಯುತ್ತಿದ್ದದ್ದು ತನ್ನ ತಾಯಿಯ ಮೈಗೇ ಅನ್ನಿಸಿತು.

"ಹಿಂದಿರೋ ಆ ಜೋಲುಕಿವಿಯದನ್ನ ಬೆಳಿಗ್ಗೆ ನಾನು ಠಾಕುರನಿಗೆ ಇಟ್ಟದ್ದು," ಎಂದಳು.

ಬಾಬು ಅವಳನ್ನು ಪಕ್ಕಕ್ಕೆ ಕರೆದ. ಮುಖದ ನಗು ಮಾಸಲಿಲ್ಲ. "ಕೊಟ್ಟಾಯ್ತು ತಾನೆ ದೀದಿ? ಕೊಟ್ಟದ್ದರ ಮೇಲೆ ಕಣ್ಣಿಡಬಾರದು. ಹಿಂತಿರುಗಿ ನೋಡಬೇಡಿ ಅಂತ ಹಿರಿಯರು ಸುಮ್ನೆ ಹೇಳಿದ್ರಾ?"

"ಆ ಹಿರಿಯರನ್ನೂ ಕೆಸರು ಬಳಿದು ಮಾರಿಬಿಟ್ಟಿದ್ದೀರೇನೋ. ಇವರ ಮುಂದೇನೇ ತೊಳೆದು ತೋರಿಸ್ಲಾ, ನಿಮ್ಮ ಇನ್ನೂರು ವರ್ಷಾನ?"

ಬಾಬು ಗಿರಾಕಿಗಳ ಕಡೆ ನೋಡಿದ, ಆಳಿನ ಕಡೆ ನೋಡಿದ. ಆಮೇಲೆ ಕುದುರೆಯನ್ನು ಅವಳ ಕೈಗೆ ದಾಟಿಸಿದ. "ಅಕ್ಕನಂಥವರು, ಉಡುಗೊರೆ ಅಂತ ಇಟ್ಕೊಳ್ಳಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ನಾಲ್ಕು ಮಂದಿ ಚಪ್ಪಾಳೆ ತಟ್ಟಿದರು.

ಕಾಜೋರಿ ಹಳ್ಳಿಗೆ ಮರಳಿ ಕಟ್ಟೆಯ ಬಳಿಯ ಕೊಳವೆಬಾವಿಯಲ್ಲಿ ಕುದುರೆಯನ್ನು ತೊಳೆದಳು. ಗೋಷ್ಠೊ ಎದ್ದು ಬಂದ.

"ಮತ್ತೆ ಇಟ್ಟು ಹೋಗಿ ದೀದಿ, ಈ ಸಲ ನಾನೇ ನೋಡ್ಕೋತೀನಿ," ಎಂದ.

ಆಗ ಒಡೆದ ಕುದುರೆಗಳ ರಾಶಿ ಮತ್ತೆ ಅವಳ ಕಣ್ಣಿಗೆ ಬಿತ್ತು. ಮಳೆಯಲ್ಲ, ಬಿಸಿಲಲ್ಲ. ಇಡಿಯಾಗಿದ್ದವೆಲ್ಲ ಸಂತೆಗೆ ಹೋಗಿದ್ದವು. ಠಾಕುರನಿಗೆ ಉಳಿದದ್ದು ಯಾರೂ ಕೊಳ್ಳದ ಮುಕ್ಕುಗಳು.

ಕಾಜೋರಿ ಕುದುರೆಯನ್ನು ಇಟ್ಟಳು. ಕಿವಿಗಳನ್ನು ಈ ಸಲ ಸರಿಯಾಗಿ ಸಿಕ್ಕಿಸಿದಳು, ಕೈ ಮುಗಿದಳು. ಬೈಕಿನಿಂದ ಸ್ಪ್ಯಾನರ್ ತಂದು ಅದರ ಮುಂಗಾಲಿಗೆ ಹೊಡೆದಳು. ಮೊದಲ ಏಟಿಗೆ ಬಿರುಕು ಬಿಟ್ಟಿತು. ಎರಡನೆಯದಕ್ಕೆ ಕಾಲು ಮುರಿದು ಕುದುರೆ ಮೂತಿ ಅಡಿಯಾಗಿ ಬಿತ್ತು.

"ಮಹಾಪಾಪ," ಎಂದು ಗೋಷ್ಠೊ ಕಿವಿ ಮುಚ್ಚಿಕೊಂಡ. "ದೇವರ ಸೊತ್ತಿನ ಮೇಲೆ ಹೀಗಾ ಕೈ ಮಾಡೋದು?"

"ಇನ್ಮೇಲೆ ಅದು ದೇವರ ಸೊತ್ತು."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ತಾಯಿ.

"ಮುಟ್ಟಿತೇನೇ?"

"ಮುಟ್ಟಿತಮ್ಮ."

"ಮುಕ್ಕಾಗಿರಲಿಲ್ಲ ತಾನೆ?"

"ಇಟ್ಟಾಗ ಒಂದು ಗೀರೂ ಇರಲಿಲ್ಲ."

"ಹಿಂತಿರುಗಿ ನೋಡಲಿಲ್ಲ ತಾನೆ?"

ಮುರಿದ ಕುದುರೆಯನ್ನೇ ನೋಡುತ್ತ ಕಾಜೋರಿ, "ಇಲ್ಲ," ಎಂದಳು.

"ಹಂಗಾದ್ರೆ ಸೋಮವಾರ ಬರ್ತೀನಿ ಅಂತ ಡಾಕ್ಟ್ರಿಗೆ ಹೇಳ್ಬಿಡು."

ಹೆಲ್ಮೆಟ್ ಹಾಕಿಕೊಂಡು ಬೈಕ್ ಹತ್ತಿದಳು. ಕನ್ನಡಿಯಲ್ಲಿ ಕಟ್ಟೆ, ಅರಳಿಮರ, ಬಗ್ಗಿ ತುಂಡುಗಳನ್ನು ಹೆಕ್ಕಿ ನೋಡುತ್ತಿದ್ದ ಗೋಷ್ಠೊ, ಎಲ್ಲ ಕಂಡವು. ಥೂ ಎಂದು ಉಗಿದಳು. ಆಮೇಲೆ ಎರಡೂ ಕನ್ನಡಿಗಳನ್ನು ನೆಲದ ಕಡೆಗೆ ತಿರುಗಿಸಿಟ್ಟಳು. ಮನೆ ಮುಟ್ಟುವ ತನಕ ಅವುಗಳನ್ನು ಸರಿಪಡಿಸಲಿಲ್ಲ.